ಎ.ಬಿ.ಎಸ್. ದೀಪ ಏಕೆ ಹೊತ್ತಿತು?

ನಮ್ಮಲ್ಲಿ ಕೆಲವರ ಮನೆಗೆ ನಿಸ್ಸಾನ್ ಲೀಫ್‌ನಂಥ ವಿದ್ಯುತ್ ಕಾರು ಬಂದಿದೆ. ಅದರ ಒಂದೊಂದು ಚಕ್ರದ ಬಳಿಯೂ ವೇಗ ಅಳೆಯುವ ಪುಟ್ಟ ಸೆನ್ಸರ್ ಇರುತ್ತದೆ. ಬ್ರೇಕ್ ಒತ್ತಿದಾಗ ಚಕ್ರ ಬಿಗಿದು ಕಾರು ಜಾರದಂತೆ ಕಾಯುವ ಎ.ಬಿ.ಎಸ್. ಇದನ್ನೇ ನಂಬಿದೆ. ಮಾಹಿತಿ ತಪ್ಪಿದರೆ ದೀಪ ಹೊತ್ತುತ್ತದೆ. ಮಾಮೂಲಿ ಬ್ರೇಕ್ ಹಿಡಿದರೂ ಹಿಮದ ರಸ್ತೆಯಲ್ಲಿ ಆ ಕಾವಲು ಇರುವುದಿಲ್ಲ.

ದೀಪ ಕಂಡೊಡನೆ ಸೆನ್ಸರ್ ಬದಲಿಸುವುದು ಅವಸರವೇ ಸರಿ. ಮೆಕ್ಯಾನಿಕ್ ಸ್ಕ್ಯಾನರ್ ಜೋಡಿಸಿ, ನಿಧಾನವಾಗಿ ಓಡಿಸುತ್ತ ನಾಲ್ಕೂ ಚಕ್ರಗಳ ವೇಗ ಹೋಲಿಸುತ್ತಾರೆ. ಒಂದು ಮಾತ್ರ ಸೊನ್ನೆ ತೋರಿದರೆ ಅಲ್ಲಿನ ತಂತಿ, ಕನೆಕ್ಟರ್ ಮೊದಲು ನೋಡಬೇಕು. ಹೊಕ್ಕೈಡೊ ಕಡೆ ಚಳಿಗಾಲದಲ್ಲಿ ರಸ್ತೆಗೆ ಹಾಕುವ ಉಪ್ಪಿನಿಂದ ತುಕ್ಕು ಉಬ್ಬಿ ಸೆನ್ಸರನ್ನು ಮೇಲೆತ್ತುವುದುಂಟು. ಆಗ ತುಕ್ಕು ಉಜ್ಜಿದರೇ ಸಾಕಾಗಬಹುದು. ತಂತಿ ತುಂಡಾಗಿದ್ದರೆ ಹೊಸದೇ ಲೇಸು.

ಶಾಕೆನ್ ತಪಾಸಣೆಯವರೆಗೆ ನಾವು ಕಾಯುವುದೂ ಬೇಡ. 2017ರ ಫೆಬ್ರವರಿಯಿಂದ ಈ ದೀಪ ಉರಿಯುವ ಕಾರನ್ನು ಅಲ್ಲಿ ಪರೀಕ್ಷಿಸುವುದೇ ಇಲ್ಲ.