ಡಂಬಳದ ಶಿಲಾನಕ್ಷತ್ರ

ಕ್ರಿ. ಶ. ೧೧೪೪ರಲ್ಲಿ ಪ್ಯಾರಿಸ್ ನಗರದ ಸಮೀಪದ ಸೇಂಟ್ ಡೆನಿಸ್ ಮಠದ ಚರ್ಚಿನಲ್ಲಿ ಹೊಸ ಪೂಜಾಂಗಣದ ಪ್ರತಿಷ್ಠೆಯಾಯಿತು. ಮಠಾಧಿಪತಿಯಾದ ಸೂಜೇರನ ಹಂಬಲವೆಲ್ಲ ಬೆಳಕಿನದು. ಅದಕ್ಕಾಗಿ ಅವನ ಶಿಲ್ಪಿಗಳು ಚೂಪಾದ ಕಮಾನುಗಳನ್ನೆತ್ತಿ, ಛಾವಣಿಯ ಭಾರವನ್ನು ಕಲ್ಲಿನ ಪಕ್ಕೆಲುಬುಗಳ ಮೂಲಕ ಕಂಬಗಳಿಗೆ ಇಳಿಸಿದರು. ಭಾರ ನೀಗಿದ ಗೋಡೆಗಳಲ್ಲಿ ಬಣ್ಣದ ಗಾಜಿನ ಕಿಟಕಿಗಳು ತೆರೆದವು. ಮುಂದೆ ಗಾಥಿಕ್ ಎಂದು ಜಗತ್ಪ್ರಸಿದ್ಧವಾದ ಶೈಲಿಯ ಉದಯ ಹೀಗಾಯಿತು.

ಅದೇ ಹನ್ನೆರಡನೆಯ ಶತಮಾನದಲ್ಲಿ ನಮ್ಮ ಗದುಗಿನ ಆಗ್ನೇಯಕ್ಕೆ ಸುಮಾರು ೨೦ ಕಿಲೋಮೀಟರು ದೂರದ ಡಂಬಳದಲ್ಲಿಯೂ ಉಳಿಯ ಸದ್ದು ಕೇಳಿಬರುತ್ತಿತ್ತು. ಇಂದು ಮುಂಡರಗಿ ತಾಲೂಕಿಗೆ ಸೇರಿದ ಈ ಗ್ರಾಮ ಅಂದು ಧರ್ಮವೊಳಲೆಂಬ ವರ್ತಕರ ಪಟ್ಟಣ. ಆರನೆಯ ವಿಕ್ರಮಾದಿತ್ಯನ ಆಳಿಕೆಗೆ ಸೇರಿದ ೧೦೯೫ರ ಶಾಸನವೊಂದು ತಾರಾ ಭಗವತಿಯನ್ನು ಸ್ತುತಿಸಿ, ಊರಿನ ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧ ವಿಹಾರಕ್ಕೆ ಕೊಟ್ಟ ದತ್ತಿಯನ್ನು ತಿಳಿಸುತ್ತದೆ. ಅಂಥ ಸಿರಿವಂತ ಊರಿನಲ್ಲಿಯೇ ಈ ಶಿವಾಲಯವೂ ತಲೆಯೆತ್ತಿತು. ಒಳಗಿನ ಭಾರಿ ನಂದಿಯಿಂದಾಗಿ ಜನ ಅದನ್ನು ದೊಡ್ಡಬಸಪ್ಪನ ಗುಡಿಯೆಂದು ಕರೆದರು.

ಗುಡಿಯ ಒಳಗೆ ಹೊಸತೇನೂ ಇಲ್ಲ, ಗರ್ಭಗೃಹ ಚೌಕವೇ. ಸೋಜಿಗವೆಲ್ಲ ಹೊರಗೋಡೆಯಲ್ಲಿದೆ. ಒಂದು ಚೌಕವನ್ನು ಅದರ ನಡುಬಿಂದುವಿನ ಸುತ್ತ ೧೫ ಡಿಗ್ರಿಯಂತೆ ತಿರುಗಿಸುತ್ತ ಹೋದರೆ ಆರು ಚೌಕಗಳಿಂದ ೨೪ ಮೂಲೆಗಳು ಮೂಡುತ್ತವೆ. ಗೂಟ, ಹುರಿಗಳಿಂದ ನೆಲದ ಮೇಲೆ ಬರೆಯಬಹುದಾದ ಈ ಸರಳ ಗಣಿತವನ್ನು ಡಂಬಳದ ಶಿಲ್ಪಿ ತಳಪಾಯದಿಂದ ಶಿಖರದವರೆಗೆ ಬಿಡದೆ ನಡೆಸಿದನು. ಪಟ್ಟದಕಲ್ಲಿನ ಮರಳುಗಲ್ಲಿನ ಬದಲು ಅವನ ಕೈಯಲ್ಲಿದ್ದುದು ಮೃದುವಾದ ಬಳಪದ ಕಲ್ಲು. ಅಂಚುಗಳನ್ನು ಹರಿತವಾಗಿ ಕಡೆಯಲು ಅದು ಒದಗಿ ಬಂದಿತು.

ಫ್ರಾನ್ಸಿನವರು ಗೋಡೆಯನ್ನು ತೆರೆದು ಬೆಳಕನ್ನು ಒಳಕ್ಕೆ ಬರಮಾಡಿಕೊಂಡರು. ಡಂಬಳದವರು ಗರ್ಭಗೃಹದ ಕತ್ತಲೆಯನ್ನು ಹಾಗೆಯೇ ಉಳಿಸಿಕೊಂಡು, ಬೆಳಕನ್ನು ಗೋಡೆಯ ಹೊರಮೈಯಲ್ಲಿ ಆಡಿಸಿದರು. ಹೊತ್ತು ಏರಿದಂತೆ ಒಂದು ಮೊನೆ ಬೆಳಗಿದರೆ ಅದರ ಪಕ್ಕದ ಮಡಿಕೆ ನೆರಳಾಗುತ್ತದೆ. ಭಾರವಾದ ಕಲ್ಲು ಹಗುರಾಗಿ ತೋರಬೇಕೆಂಬ ಆಸೆ ಮಾತ್ರ ಇಬ್ಬರದೂ ಒಂದೇ.

ಆದರೆ ಎರಡರ ಹಣೆಬರಹ ಬೇರೆಯಾಯಿತು. ಗಾಥಿಕ್ ಶೈಲಿ ಯೂರೋಪನ್ನೆಲ್ಲ ವ್ಯಾಪಿಸಿತು. ಜರ್ಮನಿಯ ಕಲೋನಿನಲ್ಲಿ ೧೨೪೮ರಲ್ಲಿ ಆರಂಭವಾದ ಪ್ರಧಾನ ಚರ್ಚು ೧೮೮೦ರಲ್ಲಿ ಮುಗಿಯಿತು. ಕೊನೆಗೆ ಆ ಶೈಲಿ ಕನ್ನಡನಾಡಿಗೂ ಬಂದಿತು. ಮೈಸೂರಿನ ಸಂತ ಫಿಲೋಮಿನಾ ಚರ್ಚಿಗೆ ೧೯೩೩ರಲ್ಲಿ ಅಸ್ತಿಭಾರವಿಟ್ಟವರು ನಾಲ್ವಡಿ ಕೃಷ್ಣರಾಜ ಒಡೆಯರು. ಇತ್ತ ಹನ್ನೆರಡನೆಯ ಶತಮಾನ ಮುಗಿಯುವಷ್ಟರಲ್ಲಿ ಕಲ್ಯಾಣದ ಚಾಲುಕ್ಯರ ಪ್ರಭುತ್ವ ಅಸ್ತಮಿಸಿತು. ನಕ್ಷತ್ರದ ವಿನ್ಯಾಸ ಹೊಯ್ಸಳರ ಕೈಯಲ್ಲಿ ಬಾಳಿತಾದರೂ ಸೋಮನಾಥಪುರದಲ್ಲಿ ನಾವು ಕಾಣುವುದು ೧೬ ಮೊನೆಗಳನ್ನು. ಡಂಬಳದ ೨೪ ಮೊನೆಗಳ ಅಖಂಡ ವಲಯಕ್ಕೆ ವಾರಸುದಾರರು ಹುಟ್ಟಲಿಲ್ಲ.

ಮೈಸೂರಿನ ಗೋಪುರಗಳೆದುರು ನಿಂತು ಬೆರಗಾಗುವ ಕನ್ನಡಿಗನು ಒಮ್ಮೆ ಡಂಬಳಕ್ಕೂ ಹೋಗಿ ಬರಬೇಕು. ದೊಡ್ಡಬಸಪ್ಪನ ಗುಡಿಯನ್ನು ಒಂದು ಸುತ್ತು ಬಂದರೆ, ಅದೇ ಶತಮಾನದಲ್ಲಿ ತನ್ನವರು ಎಷ್ಟು ದೂರ ಯೋಚಿಸಿದ್ದರೆಂಬುದು ಅವನಿಗೆ ತಿಳಿದೀತು.