ಪರದೆಯಿಲ್ಲದ ಬ್ರೌಸರು, ಮುರಿಯದ ಒತ್ತಕ್ಷರ

2017ರ ಏಪ್ರಿಲ್‌ನಲ್ಲಿ ವಿತಾಲಿ ಸ್ಲೊಬೊಡಿನ್ ಒಂದು ಪುಟ್ಟ ಓಲೆ ಬರೆದು ಫ್ಯಾಂಟಮ್‌ಜೆಎಸ್ ಎಂಬ ತಂತ್ರಾಂಶದ ಹೊಣೆಯಿಂದ ಕೆಳಗಿಳಿದರು. ಗೂಗಲ್‌ನವರು ಕ್ರೋಮ್ ಬ್ರೌಸರನ್ನೇ ಕಿಟಕಿಯಿಲ್ಲದೆ ಓಡಿಸುವ ವ್ಯವಸ್ಥೆ ತರುತ್ತಿದ್ದಾರೆ, ಅದು ಇದಕ್ಕಿಂತ ವೇಗ, ಇದಕ್ಕಿಂತ ಗಟ್ಟಿ, ಇನ್ನು ಒಬ್ಬನೇ ಕೂತು ಇದನ್ನು ಬೆಳೆಸುವುದೋ ನರಕಯಾತನೆ ಎಂಬುದು ಓಲೆಯ ಸಾರ. ಆರಿಯಾ ಹಿದಾಯತ್ 2011ರಲ್ಲಿ ಹೊರತಂದಿದ್ದ ಫ್ಯಾಂಟಮ್‌ಜೆಎಸ್, ವೆಬ್ ಪುಟವನ್ನು ಪರದೆಗೆ ತಾರದೆ ಒಳಗೊಳಗೇ ಬಿಡಿಸಿ, ಚಿತ್ರವಾಗಿ ಕೈಗಿಡುತ್ತಿತ್ತು. ಮರುವರ್ಷ ಅದರ ಕೆಲಸ ಪೂರ್ತಿ ನಿಂತಿತು. ಈ ಬಗೆಯ ಬ್ರೌಸರಿಗೆ ಇಂಗ್ಲಿಷಿನಲ್ಲಿ ‘ಹೆಡ್‌ಲೆಸ್’ ಎನ್ನುತ್ತಾರೆ. ರಾಮಾಯಣ ಬಲ್ಲ ನಮಗೆ ಕಬಂಧನೇ ನೆನಪಾಗಬೇಕು: ತಲೆಯಿಲ್ಲ, ಆದರೂ ಎಲ್ಲವೂ ಹೊಟ್ಟೆಯೊಳಗೇ ಇದೆ.

ಬರಹವಿರುವ ಚಿತ್ರ ಬೇಕಾದಾಗ ಎಚ್‌ಟಿಎಂಎಲ್ (ವೆಬ್ ಪುಟದ ಭಾಷೆ) ಬರೆದು ಅದರಿಂದ ಚಿತ್ರ ತೆಗೆಯುವ ಈ ಬಳಸುದಾರಿಯನ್ನು ಪ್ರೋಗ್ರಾಮರ್‌ಗಳ ಸೋಮಾರಿತನ ಎಂದು ಹೀಗಳೆಯುವವರಿದ್ದಾರೆ. ಕನ್ನಡದ ಮಟ್ಟಿಗಂತೂ ಆ ಮಾತು ನಿಲ್ಲುವುದಿಲ್ಲ. ನೇರ ದಾರಿ ಯಾವುದೆಂದು ನೋಡಿದರೆ ಸಾಕು. ಪಿಎಚ್‌ಪಿ ಜೊತೆಗೇ ಬರುವ ಜಿಡಿ ಎಂಬ ಚಿತ್ರ ಲೈಬ್ರರಿಗೆ ಫಾಂಟ್ ಕೊಟ್ಟು ‘ಸ್ತ್ರೀ’ ಬರೆ ಎಂದರೆ ಅದು ಸಂಕೇತಗಳನ್ನು ಬಂದ ಸಾಲಿನಲ್ಲೇ ಜೋಡಿಸುತ್ತ ಹೋಗುತ್ತದೆ. ನಮ್ಮ ಕಣ್ಣಿಗೆ ಒಂದೇ ಅಕ್ಷರವಾದ ‘ಸ್ತ್ರೀ’ ಯುನಿಕೋಡ್‌ನಲ್ಲಿ ಆರು ಸಂಕೇತಗಳ ಸರ: ಸಕಾರ, ವಿರಾಮ, ತಕಾರ, ಮತ್ತೆ ವಿರಾಮ, ರಕಾರ, ದೀರ್ಘ ಈಕಾರದ ಗುರುತು. ‘ಸೂರ್ಯ’ ಇನ್ನೂ ಕಿತಾಪತಿಯದು. ಸಂಕೇತದ ಸಾಲಿನಲ್ಲಿ ಯಕಾರಕ್ಕಿಂತ ಮೊದಲು ಬರುವ ರಕಾರ, ಬರವಣಿಗೆಯಲ್ಲಿ ಅರ್ಕಾವೊತ್ತಾಗಿ ಯಕಾರದ ಬಲಕ್ಕೆ ಹೋಗಿ ಕೂರಬೇಕು. ಯಾವುದು ಕೆಳಗಿಳಿಯಬೇಕು, ಯಾವುದು ಹಿಂದಕ್ಕೆ ಸರಿಯಬೇಕು ಎಂಬ ಲೆಕ್ಕವೇ ಬೇರೆ ಕಸುಬು. ಅದಕ್ಕೆಂದೇ ಇರುವ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶ (ಹೆಸರು ಪಾರಸಿಯದು) ಕ್ರೋಮ್‌ನಲ್ಲೂ ಫೈರ್‌ಫಾಕ್ಸ್‌ನಲ್ಲೂ ಸೇರಿಕೊಂಡಿದೆ. ಹಾಗಾಗಿ ಬ್ರೌಸರಿನ ಕೈಯಲ್ಲಿ ಬರೆಸಿದರೆ ಒತ್ತು, ಗುಣಿತ, ಸಾಲು ಮುರಿಯುವ ಜಾಗ, ನಡುವೆ ನುಸುಳುವ ಇಂಗ್ಲಿಷ್ ಪದ ಎಲ್ಲವೂ ಹದವಾಗಿ ಕೂರುತ್ತವೆ. ಇಂಗ್ಲಿಷಿನವರಿಗೆ ಇದು ಅನುಕೂಲದ ಮಾತು, ನಮಗೆ ಕಾಗುಣಿತದ ಮಾತು.

ಈ ದಾರಿಯ ಹಿಂದಿನ ಕಥೆಯಲ್ಲಿ ಜಾಣ ಮೋಸಗಳೇ ಹೆಚ್ಚು. ಪರದೆ ಜೋಡಿಸದ ಲಿನಕ್ಸ್ ಸರ್ವರ್‌ನಲ್ಲಿ ಬ್ರೌಸರ್ ಏಳುವುದೇ ಇಲ್ಲ ಎಂದಾಗ, ಎಕ್ಸ್‌ವಿಎಫ್‌ಬಿ ಎಂಬ ತಂತ್ರಾಂಶ ಮೆಮೊರಿಯಲ್ಲೇ ಸುಳ್ಳು ಪರದೆ ಕಟ್ಟಿ ಬ್ರೌಸರನ್ನು ನಂಬಿಸುತ್ತಿತ್ತು. ಆಮೇಲೆ ಬಂದ ಡಬ್ಲ್ಯುಕೆಎಚ್‌ಟಿಎಂಎಲ್‌ಟುಇಮೇಜ್ ಎಂಬ ಉದ್ದ ಹೆಸರಿನ ಉಪಕರಣ, ಆಪಲ್‌ನ ಸಫಾರಿಯೊಳಗಿನ ವೆಬ್‌ಕಿಟ್ ಎಂಜಿನ್ನನ್ನು ಕ್ಯೂಟಿ ಎಂಬ ಚೌಕಟ್ಟಿನ ಮೂಲಕ ಓಡಿಸಿ ಒಂದೇ ಆಜ್ಞೆಗೆ ಚಿತ್ರ ಕೊಡುತ್ತಿತ್ತು. ಆ ವೆಬ್‌ಕಿಟ್ ತಾನೂ ಕೆಡಿಇ ಎಂಬ ಮುಕ್ತ ತಂತ್ರಾಂಶ ಬಳಗದ ಕೆಎಚ್‌ಟಿಎಂಎಲ್‌ನಿಂದ ಕವಲೊಡೆದದ್ದು. 2013ರಲ್ಲಿ ಗೂಗಲ್ ಅದನ್ನು ಮತ್ತೆ ಕವಲೊಡೆಸಿ ಬ್ಲಿಂಕ್ ಎಂಬ ಎಂಜಿನ್ ಮಾಡಿಕೊಂಡಿತು. ಕ್ಯೂಟಿ ವೆಬ್‌ಕಿಟ್ಟನ್ನು ಕೈಬಿಟ್ಟ ಮೇಲೆ ಈ ಉಪಕರಣ ಹಳೆಯ ಎಂಜಿನ್ನಿನ ಮೇಲೇ ತೆವಳಿ, 2023ರಲ್ಲಿ ಬಾಗಿಲು ಮುಚ್ಚಿತು. ಅಷ್ಟರಲ್ಲಿ 2017ರಲ್ಲೇ ಗೂಗಲ್‌ನ ಪಪೆಟಿಯರ್ ಬಂದಿತ್ತು. ಅದರ ಮೂಲಕ ಪ್ರೋಗ್ರಾಂ ಹೇಳಿದಂತೆ ಕ್ರೋಮ್ ಪುಟ ತೆರೆದು, ಬಿಡಿಸಿ, ಚಿತ್ರ ಹಿಂದಿರುಗಿಸುತ್ತದೆ. ಅದನ್ನೇ ಸರ್ವರ್‌ನಲ್ಲಿಟ್ಟು, ಎಚ್‌ಟಿಎಂಎಲ್ ಕಳಿಸಿದವರಿಗೆ ಪಿಎನ್‌ಜಿ ಚಿತ್ರ ಮರಳಿಸುವ ಎಪಿಐ ಸೇವೆಗಳು ಹುಟ್ಟಿಕೊಂಡವು. ಕೊಂಡಿ ಹಂಚಿಕೊಂಡಾಗ ಕಾಣುವ ಮುನ್ನೋಟದ ಚಿತ್ರಗಳನ್ನು ಕೋಡ್ ಹಂಚುವ ತಾಣವಾದ ಗಿಟ್‌ಹಬ್ ತಯಾರಿಸಿದ್ದೂ ಪಪೆಟಿಯರ್ ಮೂಲಕವೇ. ಸಂಬಳವಿಲ್ಲದ ಕೆಲವರು ಸವೆಸಿದ ಕಾಲುದಾರಿಗೆ ದೊಡ್ಡ ಕಂಪನಿ ಡಾಂಬರು ಹಾಕಿತು. ದಾರಿ ನುಣುಪಾದದ್ದು ನಿಜ. ಮೊದಲು ನಡೆದವರ ಹೆಸರು ಈಗ ಯಾರ ಬಾಯಲ್ಲೂ ಇಲ್ಲ ಎಂಬುದೂ ನಿಜ.

ಒಂದು ಶುಭಾಶಯದ ಚಿತ್ರಕ್ಕೆ ನೂರಾರು ಎಂಬಿ ತೂಗುವ ಬ್ರೌಸರ್ ಎಬ್ಬಿಸುವುದು ಗುಬ್ಬಿಯ ಮೇಲೆ ಬ್ರಹ್ಮಾಸ್ತ್ರವಲ್ಲವೇ ಎಂಬ ಆಕ್ಷೇಪಕ್ಕೆ ತೂಕವಿದೆ. ಹಗುರದ ದಾರಿ ಹುಡುಕಿದವರೂ ಇದ್ದಾರೆ. ವರ್ಸೆಲ್ ಕಂಪನಿಯ ಸಟೋರಿ ಬ್ರೌಸರಿನ ಹಂಗಿಲ್ಲದೆ ಎಚ್‌ಟಿಎಂಎಲ್ಲನ್ನು ಎಸ್‌ವಿಜಿ ಚಿತ್ರವಾಗಿಸುತ್ತದೆ. ಆದರೆ ಅಕ್ಷರಗಳು ಒಂದರೊಳಗೊಂದು ಬೆಸೆಯುವ ಓಪನ್‌ಟೈಪ್ ಸೌಲಭ್ಯಗಳಿಗೆ ಬೆಂಬಲವಿಲ್ಲವೆಂದು ಅದರ ಕೈಪಿಡಿಯೇ ಬರೆದುಕೊಂಡಿತ್ತು. ತೂಕ ಇಳಿಸಲು ಮೊದಲು ಎಸೆದದ್ದು ನಮ್ಮ ಒತ್ತಕ್ಷರವನ್ನು! ಪೈಥಾನ್‌ನ ಪಿಲ್ಲೋ ಲೈಬ್ರರಿ ವಾಸಿ. 2017ರಿಂದ ಅದು ರಾಕ್ಮ್ ಎಂಬ ಜೊತೆಗಾರನ ಮೂಲಕ ಹಾರ್ಫ್‌ಬಜ್‌ನ ನೆರವು ಪಡೆಯಬಲ್ಲದು. ಆದರೆ ಯಂತ್ರದಲ್ಲಿ ರಾಕ್ಮ್ ಇಲ್ಲದಿದ್ದರೆ ತಪ್ಪಾಯಿತೆಂದು ಕೂಗುವುದಿಲ್ಲ, ಸದ್ದಿಲ್ಲದೆ ಮುರಿದ ಕನ್ನಡ ಬರೆದುಕೊಡುತ್ತದೆ. ಕನ್ನಡ ಓದದ ಎಂಜಿನಿಯರ್‌ಗೆ ಅದು ಗೊತ್ತಾಗುವುದಾದರೂ ಹೇಗೆ? ಬ್ರೌಸರೂ ಸಂಪೂರ್ಣ ನಿರ್ದೋಷಿಯಲ್ಲ. ಸರ್ವರ್‌ನಲ್ಲಿ ಕನ್ನಡ ಫಾಂಟ್ ಹಾಕದಿದ್ದರೆ ಅದೂ ಖಾಲಿ ಚೌಕಗಳ ಸಾಲನ್ನೇ ಚಿತ್ರ ತೆಗೆದು ಕೊಡುತ್ತದೆ. ಆದರೆ ಖಾಲಿ ಚೌಕ ಯಾರ ಕಣ್ಣಿಗೂ ಬೀಳುತ್ತದೆ, ಜಾರಿದ ಒತ್ತು ಬೀಳುವುದಿಲ್ಲ.

ಇವೆಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಬೇರೆಯೇ ಇದೆ: ಚಿತ್ರವಾದ ಬರಹ ಬರಹವಾಗಿ ಉಳಿಯುವುದಿಲ್ಲ. ಹುಡುಕಿದರೆ ಸಿಗದು, ನಕಲಿಸಲಾಗದು, ಕಣ್ಣು ಕಾಣದವರಿಗೆ ಓದಿ ಹೇಳುವ ತಂತ್ರಾಂಶಕ್ಕೆ ಅದು ಬರೀ ಬಣ್ಣದ ಚುಕ್ಕಿ. ಯುನಿಕೋಡ್‌ಗೆ ಮುಂಚೆ ಒಬ್ಬರ ಫಾಂಟಿನ ಕನ್ನಡ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಗೋಜಲಾಗುತ್ತಿದ್ದ ಕಾಲದಲ್ಲಿ ಬರಹವನ್ನು ಚಿತ್ರವಾಗಿಸಿ ಹಾಕಿದ್ದಕ್ಕೆ ನ್ಯಾಯವಿತ್ತು. ಅಷ್ಟು ಹೆಣಗಿ ಯುನಿಕೋಡ್‌ಗೆ ಬಂದ ಮೇಲೂ ಸುಭಾಷಿತ, ಸುದ್ದಿ, ಆಮಂತ್ರಣ ಎಲ್ಲವನ್ನೂ ಮತ್ತೆ ಚಿತ್ರಕ್ಕೆ ತುಂಬುತ್ತಿರುವುದು ಕಿರಿಕಿರಿಯ ಸಂಗತಿಯೇ. ಆದರೆ ಈ ತಪ್ಪನ್ನು ಬಳಸುದಾರಿಯ ತಲೆಗೆ ಕಟ್ಟಲಾಗದು. ಫೋಟೋಶಾಪ್‌ನಲ್ಲಿ ಕೂತು ಮಾಡಿದ ಚಿತ್ರದ ಮೂಲ ಬರಹ ಎಲ್ಲೋ ಕಳೆದುಹೋಗಿರಬಹುದು. ಎಚ್‌ಟಿಎಂಎಲ್‌ನಿಂದ ಹುಟ್ಟಿದ ಚಿತ್ರದ ಬರಹ ಮಾತ್ರ ಶುದ್ಧ ಯುನಿಕೋಡ್ ಆಗಿ ಪ್ರೋಗ್ರಾಮಿನ ಕೈಯಲ್ಲೇ ಇರುತ್ತದೆ. ಪುಟಕ್ಕೆ ಚಿತ್ರ ಸೇರಿಸುವಾಗ ಆ ಬರಹವನ್ನೇ, ಓದಿ ಹೇಳುವ ತಂತ್ರಾಂಶ ನೋಡುವ ‘ಆಲ್ಟ್’ ಎಂಬ ಜಾಗದಲ್ಲಿ ತುಂಬಲು ಒಂದು ಸಾಲಿನ ಕೋಡ್ ಸಾಕು. ಆದರೂ ಎಷ್ಟೋ ಮಂದಿ ಆ ಜಾಗವನ್ನು ಖಾಲಿ ಬಿಟ್ಟಿರುತ್ತಾರೆ.