ಛಾಯಾಚಿತ್ರದಲ್ಲಿ ಕ್ಯೂಬಾದ ಜನತೆ

ಒಂದು ನಾಡಿನ ಸ್ವಾಭಿಮಾನವನ್ನು ಕವಿ ಹಾಡಬಲ್ಲನು, ಚರಿತ್ರಕಾರನು ಬರೆಯಬಲ್ಲನು. ಕ್ಷಣಮಾತ್ರ ಕಣ್ತೆರೆಯುವ ಕ್ಯಾಮರಾ ಅದನ್ನು ಹಿಡಿಯಬಲ್ಲುದೆ? ಕ್ಯೂಬಾ ದ್ವೀಪದ ಛಾಯಾಚಿತ್ರಗಳು ಈ ಪ್ರಶ್ನೆಗೆ ಕೊಡುವ ಉತ್ತರವು ವಿಚಾರಯೋಗ್ಯವಾಗಿದೆ.

1959ರ ಜನವರಿಯಲ್ಲಿ ಬತಿಸ್ತಾನ ಸರ್ವಾಧಿಕಾರವು ಉರುಳಿತು. ಅದುವರೆಗೆ ಹವಾನಾ ನಗರದಲ್ಲಿ ಫ್ಯಾಷನ್ ಚಿತ್ರಗಳನ್ನು ತೆಗೆಯುತ್ತಿದ್ದ ಆಲ್ಬೆರ್ತೊ ಕೋರ್ದಾ, ಆ ವರ್ಷ ಪಿನಾರ್ ದೆಲ್ ರಿಯೊ ಪ್ರಾಂತದ ಹಳ್ಳಿಯೊಂದರಲ್ಲಿ, ಮರದ ತುಂಡನ್ನೇ ಗೊಂಬೆಯೆಂದು ಅಪ್ಪಿಕೊಂಡಿದ್ದ ಬಡ ಮಗುವನ್ನು ಕಂಡನು. ಆ ಚಿತ್ರವು ಅವನ ದೃಷ್ಟಿಯನ್ನೇ ಬದಲಿಸಿತು. ಅದೇ ಜುಲೈ 26ರ ಮಹಾಸಭೆಯಲ್ಲಿ, ಹುಲ್ಲಿನ ಟೋಪಿ ಧರಿಸಿ ದೀಪದ ಕಂಬವನ್ನೇರಿ, ಜನಸಾಗರದ ಮೇಲೆ ನಿಶ್ಚಿಂತನಾಗಿ ಕುಳಿತಿದ್ದ ರೈತನೊಬ್ಬನನ್ನು ಅವನು ಸೆರೆಹಿಡಿದನು. ನಿನ್ನೆಯವರೆಗೆ ರಾಜಧಾನಿಯಲ್ಲಿ ಲೆಕ್ಕಕ್ಕಿಲ್ಲದಿದ್ದವನು ಆ ಚಿತ್ರದಲ್ಲಿ ಎಲ್ಲರಿಗಿಂತಲೂ ಎತ್ತರದಲ್ಲಿದ್ದಾನೆ.

1960ರ ಮಾರ್ಚ್ 4ರಂದು ಹವಾನಾ ಬಂದರಿನಲ್ಲಿ 'ಲಾ ಕೂಬ್ರ್' ಹಡಗು ಸ್ಫೋಟಗೊಂಡು ಅನೇಕರು ಮಡಿದರು. ಮರುದಿನದ ಶೋಕಸಭೆಯಲ್ಲಿ ಕೋರ್ದಾ ತೆಗೆದುದೇ ಚೆ ಗೆವಾರನ ಜಗತ್ಪ್ರಸಿದ್ಧ ಭಾವಚಿತ್ರ. ಅಂದು ಅವನ ಪತ್ರಿಕೆ ಅದನ್ನು ಅಚ್ಚುಮಾಡಲಿಲ್ಲ. 1967ರಲ್ಲಿ ಚೆ ಮಡಿದ ಮೇಲೆ ಅದು ಲೋಕವನ್ನೆಲ್ಲ ಸುತ್ತಿತು. ಒಂದು ನಾಡಿನ ದುಃಖದಲ್ಲಿ ಹುಟ್ಟಿದ ಮುಖವು ಕ್ರಮೇಣ ಅಂಗಿಗಳ ಮೇಲೆ ಬಿಕರಿಯಾಯಿತು. ಮದ್ಯದ ಜಾಹೀರಾತಿನಲ್ಲಿ ಅದನ್ನು ಬಳಸಿದುದರ ವಿರುದ್ಧ 2000ದಲ್ಲಿ ದಾವೆ ಹೂಡಿದ ಕೋರ್ದಾ, ರಾಜಿಯಿಂದ ಬಂದ ಹಣವನ್ನು ತನ್ನ ನಾಡಿನ ವೈದ್ಯಸೇವೆಗೆ ಕೊಟ್ಟನು.

ಅಷ್ಟೇ ಮಹತ್ವದವು 1961ರ ಸಾಕ್ಷರತಾ ಆಂದೋಲನದ ಚಿತ್ರಗಳು. ಸುಮಾರು ಒಂದು ಲಕ್ಷ ವಿದ್ಯಾರ್ಥಿಗಳು ಲಾಟೀನು ಹಿಡಿದು ಹಳ್ಳಿಗಳಿಗೆ ನಡೆದರು. ಏಳು ಲಕ್ಷಕ್ಕೂ ಮಿಕ್ಕ ಜನರು ಅಕ್ಷರ ಕಲಿತರು. ಹೊಲದಲ್ಲಿ ದುಡಿದ ಒರಟು ಬೆರಳುಗಳು ಪೆನ್ಸಿಲ್ ಹಿಡಿದ ದೃಶ್ಯವು, ತಂದೆತಾಯಿಗಳು ಹೆಬ್ಬೆಟ್ಟು ಒತ್ತುವುದನ್ನು ಕಂಡು ಬೆಳೆದ ನಮ್ಮಂಥವರಿಗೆ ಪರಕೀಯವಲ್ಲ.

ಈಗ ಪ್ರವಾಸಿಗಳ ಕ್ಯಾಮರಾ ಹೆಚ್ಚಾಗಿ ಅರಸುವುದು ಅಲ್ಲಿನ ಹಳೆಯ ಅಮೆರಿಕನ್ ಕಾರುಗಳನ್ನು. 1962ರ ಅಮೆರಿಕದ ವ್ಯಾಪಾರ ನಿರ್ಬಂಧ ಹಾಗೂ 1991ರ ಸೋವಿಯತ್ ಒಕ್ಕೂಟದ ಪತನದಿಂದ ಒದಗಿದ ಅಭಾವದಲ್ಲಿ, ಬಿಡಿಭಾಗಗಳನ್ನು ತಾವೇ ತಯಾರಿಸಿ ಜನರು ಅವನ್ನು ಓಡಿಸಿದರು. ನೋಡುವವನಿಗೆ ಅದು ಸೊಗಸು, ಓಡಿಸುವವನಿಗೆ ಹೊಟ್ಟೆಪಾಡು. ಅಂತೆಯೇ, 2021ರ ಜುಲೈ 11ರಂದು ಆಹಾರ, ಔಷಧಿ, ಸ್ವಾತಂತ್ರ್ಯಗಳನ್ನು ಕೇಳಿ ಬೀದಿಗಿಳಿದವರೂ ಆ ನಾಡಿನ ಮಕ್ಕಳೇ. ಅವರನ್ನು ಬಿಟ್ಟು ಕ್ಯೂಬಾದ ಅಭಿಮಾನವನ್ನು ಚಿತ್ರಿಸಹೊರಟರೆ ಚಿತ್ರವು ಅಪೂರ್ಣವಾಗುವುದು.

ಆದುದರಿಂದ, ಜನರ ಸೈರಣೆಯನ್ನು ಮೆಚ್ಚುವ ನಾವು, ಅವರು ಏನನ್ನು ಸಹಿಸುತ್ತಿದ್ದಾರೆ, ಏಕೆ ಸಹಿಸಬೇಕಾಗಿದೆ ಎಂದೂ ಕೇಳಬೇಕು. ಆ ಪ್ರಶ್ನೆಯನ್ನು ನೋಡುವವನಲ್ಲಿ ಎಬ್ಬಿಸುವ ಛಾಯಾಚಿತ್ರವೇ ಸಾರ್ಥಕವಾದುದು.